ಹಮ್ಮಿಂಗ್ ಬರ್ಡ್‌ನ ರೆಕ್ಕೆ ನಿಲ್ಲಿಸಿದ ಕಥೆ

ನಾನು ದುಡಿದ ಫೋಟೋ ಸ್ಟುಡಿಯೋಗೆ ಹೊಸದಾಗಿ ಸೇರಿದ ಹುಡುಗಿಯರು ರಜೆಯ ದಿನ ಅಲ್ ಅಜೀಜಿಯಾದ ನಮ್ಮ ಫ್ಲ್ಯಾಟಿಗೆ ಬರುತ್ತಾರೆ. ಮೊದಲು ಕಾಫಿ ಕುಡಿಯುತ್ತಾರೆ, ಆಮೇಲೆ ಕೇಳುತ್ತಾರೆ: “ಆಂಟಿ, ಹಮ್ಮಿಂಗ್ ಬರ್ಡ್‌ಗೆ ಶಟರ್ ಸ್ಪೀಡ್ ಎಷ್ಟು ಇಡಬೇಕು?” ಕತಾರಿನಲ್ಲಿ ಹಮ್ಮಿಂಗ್ ಬರ್ಡ್ ಇಲ್ಲ. ಆ ಹಕ್ಕಿ ಇರುವುದೇ ಅಮೆರಿಕದ ಕಡೆ. ಇಲ್ಲಿನ ಕನ್ನಡದವರು ರಜೆಗೆ ಊರಿಗೆ ಹೋದಾಗ ದಾಸವಾಳದ ಗಿಡಕ್ಕೆ ಬಂದ ಸೂರಕ್ಕಿಯನ್ನು ಫೋನಿನಲ್ಲಿ ಹಿಡಿದು, ‘ನಮ್ಮನೆ ಹಮ್ಮಿಂಗ್ ಬರ್ಡ್’ ಎಂದು ಗ್ರೂಪಿಗೆ ಹಾಕುತ್ತಾರೆ. ಕೆಳಗೆ ಸಾಲಾಗಿ ಎಲ್ಲರೂ ಕೈಮುಗಿಯುತ್ತಾರೆ, ಹಕ್ಕಿಗೋ ಫೋಟೋಗೋ ಗೊತ್ತಿಲ್ಲ. ಆದರೂ ಹುಡುಗಿಯರು ನನ್ನನ್ನೇ ಕೇಳುವುದಕ್ಕೆ ಕಾರಣವಿದೆ. ಈ ಮರಳುಗಾಡಿನಲ್ಲಿ ನಿಜವಾದ ಹಮ್ಮಿಂಗ್ ಬರ್ಡ್ ಹಾರುತ್ತಿರುವಾಗಲೇ ಅದರ ರೆಕ್ಕೆಯನ್ನು ಫೋಟೋದಲ್ಲಿ ನಿಲ್ಲಿಸಿದವಳು ನಾನು ಎಂದು ನಮ್ಮ ಮಾಲೀಕರು ಊರಿಗೆಲ್ಲ ಸಾರಿದ್ದಾರೆ. ಅವರು ಆ ಫೋಟೋವನ್ನು ನೋಡಿಲ್ಲ. ಯಾಕೆ ನೋಡಿಲ್ಲ ಎಂಬುದನ್ನು ಬರೆಯುತ್ತೇನೆ, ಈ ಕೆಲಸ ಎಂಥದ್ದೆಂಬುದು ಅದರಲ್ಲೇ ತಿಳಿಯುತ್ತದೆ.

ಫೋಟೋಗ್ರಫಿ ಒಂದು ಕಲೆ ಎಂದು ನಿಮಗೆ ಯಾರಾದರೂ ಹೇಳಿದ್ದರೆ ಅದನ್ನು ಸ್ವಲ್ಪ ಕಾಲ ಪಕ್ಕಕ್ಕಿಡಿ. ನನ್ನ ದುಡಿಮೆಯ ಬಹುಪಾಲು ಕಳೆದದ್ದು ವೆಸ್ಟ್ ಬೇಯ ಆಫೀಸುಗಳಲ್ಲಿ ಕೈಕುಲುಕುವವರ ಫೋಟೋ ತೆಗೆಯುವುದರಲ್ಲಿ. ಇಬ್ಬರು ದೊಡ್ಡ ಮನುಷ್ಯರು ಕೈ ಹಿಡಿದುಕೊಂಡು, ಒಬ್ಬರನ್ನೊಬ್ಬರು ನೋಡದೆ ನನ್ನನ್ನು ನೋಡಿ ನಗುತ್ತಾರೆ. ಉಳಿದ ಪಾಲು ಮದುವೆಗಳದ್ದು. ಇಲ್ಲಿ ಮದುವೆಯಲ್ಲಿ ಹೆಂಗಸರ ಹಾಲ್ ಬೇರೆ. ಅಲ್ಲಿಗೆ ಗಂಡಸು ಕಾಲಿಡುವಂತಿಲ್ಲವಾದ್ದರಿಂದ ಫೋಟೋ ತೆಗೆಯಲು ಹೆಂಗಸೇ ಬೇಕು. ಮೈಸೂರಿನಲ್ಲಿ ನಾನು ಕ್ಯಾಮೆರಾ ಹಿಡಿದು ಹೋದರೆ, “ಏನಮ್ಮಾ, ನಿಮ್ಮ ಯಜಮಾನರು ಬರಲಿಲ್ವಾ?” ಎಂದು ಕೇಳುತ್ತಿದ್ದರು. ಇಲ್ಲಿ ಹೆಂಗಸಾಗಿರುವುದೇ ನನ್ನ ಡಿಗ್ರಿಯಾಯಿತು. ಅದಕ್ಕೊಂದು ಕಟ್ಟಳೆಯೂ ಇದೆ. ಕೆಲಸ ಮುಗಿದ ಮೇಲೆ ಮೆಮೊರಿ ಕಾರ್ಡನ್ನು ಮನೆಯವರ ಕೈಗೆ ಕೊಟ್ಟು ಬರಬೇಕು. ರೀಲಿನ ಕಾಲದಲ್ಲಿ ರೀಲನ್ನೇ ಕೊಟ್ಟು ಬರುತ್ತಿದ್ದೆವು. ಅವರ ಮನೆಯ ಹೆಣ್ಣುಮಕ್ಕಳ ಚಿತ್ರ ಹೊಸ್ತಿಲು ದಾಟಬಾರದು ಎನ್ನುವುದು ನ್ಯಾಯವೇ. ಹೀಗಾಗಿ ನನ್ನ ಒಳ್ಳೆಯ ಫೋಟೋಗಳೆಲ್ಲ ಬೇರೆಯವರ ಬೀರುಗಳಲ್ಲಿವೆ, ನನ್ನ ಪಾಲಿಗೆ ಉಳಿದದ್ದು ಕೈಕುಲುಕುವ ಗಂಡಸರು.

ಮಾಲೀಕರ ಹೆಸರು ಅಬ್ಬಾಸ್. ಮಂಗಳೂರು ಕಡೆಯ ಬ್ಯಾರಿಗಳು. ಅವರ ಕಡೆಯ ಹುಡುಗರು ಅಣ್ಣನನ್ನು ಕಾಕ ಎನ್ನುತ್ತಾರಾದ್ದರಿಂದ ಇಡೀ ಸ್ಟುಡಿಯೋಗೆ ಅವರು ಅಬ್ಬಾಸಾಕ. ವ್ಯವಹಾರದಲ್ಲಿ ಹುಲಿ. ಕ್ಯಾಮೆರಾದ ವಿಷಯದಲ್ಲಿ ಮಾತ್ರ ಅವರದು ಒಂದೇ ಸಿದ್ಧಾಂತ: ಯಾವ ತೊಂದರೆ ಬಂದರೂ ಯಾವುದಾದರೊಂದು ನಂಬರನ್ನು ಹೆಚ್ಚು ಮಾಡಬೇಕು.

ಒಂದು ದಿನ ಅವರ ಫೋನು ಬಂತು. “ನಳಿನಿಯವರೆ, ಅಲ್ ರಯ್ಯಾನ್‌ನಲ್ಲಿ ಒಂದು ದೊಡ್ಡ ಮನೆ ಉಂಟು. ಅಜ್ಜಿ ಒಬ್ರು ಹಮ್ಮಿಂಗ್ ಬರ್ಡ್ ಸಾಕಿದ್ದಾರೆ. ಹಾರುವಾಗ ರೆಕ್ಕೆ ನಿಂತ ಹಾಗೆ ಫೋಟೋ ಬೇಕಂತೆ. ಹೆಂಗಸರೇ ಬರ್ಬೇಕಂತೆ. ಎಂಥ ಮಾರಾಯ್ರೆ, ಅರ್ಧ ಗಂಟೆಯ ಕೆಲಸ. ಯಲ್ಲಾ, ಹೋಗಿ ಬನ್ನಿ.”

ಆ ಅರ್ಧ ಗಂಟೆ ಚಳಿಗಾಲದ ಆರಂಭದಲ್ಲಿ ಶುರುವಾಗಿ ಸೆಕೆ ಬರುವವರೆಗೆ ನಡೆಯಿತು.

ಮನೆಯ ಹಿಂಭಾಗದಲ್ಲಿ, ಹೆಂಗಸರ ಅಂಗಳದಲ್ಲಿ ಒಂದು ದೊಡ್ಡ ಗಾಜಿನ ಮನೆ. ಒಳಗೆ ತೇವ, ಹಸಿರು, ಹೂಗಿಡಗಳು. ಮಗ ಎಲ್ಲ ಕಾಗದಪತ್ರ ಮಾಡಿಸಿ ತಾಯಿಗೆಂದು ಹಕ್ಕಿಗಳನ್ನು ತರಿಸಿಕೊಟ್ಟಿದ್ದನಂತೆ. ತಾಯಿ ನಡುವೆ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದರು. ಮನೆಯ ಕೆಲಸದವರಿಗೆಲ್ಲ ಅವರು ಮಾಮಾ ನೂರಾ, ಅಂದರೆ ನೂರಾ ಅಮ್ಮ, ಹಾಗಾಗಿ ನನಗೂ ಮಾಮಾ ನೂರಾ. ಮದುವೆಯಾದ ಹೊಸತರಲ್ಲಿ ಗಂಡನ ವ್ಯಾಪಾರಕ್ಕಾಗಿ ಬೊಂಬಾಯಿಯಲ್ಲಿದ್ದವರು, ಹಿಂದಿ ಚೆನ್ನಾಗಿ ಬರುತ್ತಿತ್ತು. ನನ್ನ ಹಿಂದಿಗಿಂತ ಚೆನ್ನಾಗಿಯೇ ಬರುತ್ತಿತ್ತು. ನಮ್ಮ ಮಾತೆಲ್ಲ ಆ ಹಿಂದಿಯಲ್ಲಿ, ಕನ್ನಡ ಮಾಡಿದ್ದು ನಾನು.

“ನನ್ನ ಕಣ್ಣಿನ ನಡುಭಾಗ ಹೋಗ್ತಾ ಇದೆ,” ಎಂದರು. “ಡಾಕ್ಟರು ಖಲಾಸ್ ಅಂದುಬಿಟ್ಟರು. ಪಕ್ಕದಲ್ಲಿರೋದು ಕಾಣತ್ತೆ, ನೇರ ನೋಡಿದ್ದು ಅಳಿಸಿಹೋಗತ್ತೆ. ಈ ತನ್ನಾನ್ ನನ್ನ ಕೆನ್ನೆ ಹತ್ತಿರ ಬಂದು ನಿಲ್ಲತ್ತೆ. ಸದ್ದು ಕೇಳತ್ತೆ, ಗಾಳಿ ತಾಗತ್ತೆ. ರೆಕ್ಕೆ ಮಾತ್ರ ಕಣ್ಣು ಚೆನ್ನಾಗಿದ್ದಾಗಲೂ ಕಂಡಿದ್ದಿಲ್ಲ. ಹೊಗೆ ಥರ, ಅಷ್ಟೇ. ಕಣ್ಣು ಪೂರ್ತಿ ಹೋಗೋದರೊಳಗೆ ಆ ರೆಕ್ಕೆ ನಿಂತಿರೋದನ್ನ ಒಂದು ಸಲ ನೋಡಬೇಕು.” ತನ್ನಾನ್ ಎಂದರೆ ಅರಬ್ಬಿಯಲ್ಲಿ ಹಮ್ಮಿಂಗ್ ಬರ್ಡ್.

ನಾನು, ಬುದ್ಧಿಗೇಡಿ, “ಮುಂದಿನ ವಾರ ತಂದುಕೊಡ್ತೀನಿ ಮಾಮಾ” ಎಂದುಬಿಟ್ಟೆ.

ಮೊದಲ ದಿನ ಒಂದೇ ಒಂದು ಫೋಟೋ ಸಿಗಲಿಲ್ಲ. ತಣ್ಣಗಿನ ಕಾರಿನಲ್ಲಿ ತಣ್ಣಗಿನ ಚೀಲದೊಳಗೆ ಕೂತು ಬಂದಿದ್ದ ಕ್ಯಾಮೆರಾ ಆ ಬೆಚ್ಚಗಿನ ತೇವದ ಮನೆಯೊಳಗೆ ಬಂದದ್ದೇ ಲೆನ್ಸಿನ ಮೇಲೆ ಮಂಜು ಕೂತಿತು. ಒರೆಸಿದೆ, ಮತ್ತೆ ಕೂತಿತು. ಸೆರಗಿನಿಂದ ಒರೆಸಿದೆ, ಊದಿದೆ. ಮಾಮಾ ನೂರಾ ನನ್ನ ಒದ್ದಾಟದ ಸದ್ದು ಕೇಳಿಸಿಕೊಳ್ಳುತ್ತಿದ್ದರು. “ಏನು, ನಿನ್ನ ಕ್ಯಾಮೆರಾಗೂ ನನ್ನ ಕಾಯಿಲೆ ಅಂಟಿತಾ?” ಎಂದು ಕೇಳಿದರು. ಹುಡುಗಿಯರೇ, ಇದನ್ನು ಯಾವ ಕೋರ್ಸಿನಲ್ಲೂ ಮೊದಲ ಪಾಠವಾಗಿ ಹೇಳುವುದಿಲ್ಲ: ಈ ಊರಿನಲ್ಲಿ ಕ್ಯಾಮೆರಾವನ್ನು ಎ.ಸಿ.ಯಲ್ಲಿ ಮಗುವಿನಂತೆ ಕೂರಿಸಿಕೊಂಡು ಹೋಗಬೇಡಿ. ಡಿಕ್ಕಿಯಲ್ಲಿ ಹಾಕಿ. ಕೆಲಸದ ಜಾಗಕ್ಕೆ ಹೋದ ಮೇಲೂ ಚೀಲದ ಜಿಪ್ ತೆಗೆಯದೆ ಒಂದಷ್ಟು ಹೊತ್ತು ಬಿಡಿ. ಅಷ್ಟರಲ್ಲಿ ನೀವು ಒಂದು ಚಹಾ ಕುಡಿಯಬಹುದು.

ಎರಡನೇ ಸಲ ಅಬ್ಬಾಸಾಕ ತಾವೇ ಜೊತೆಗೆ ಬಂದರು. ಬಂದರೇನು, ಹೆಂಗಸರ ಅಂಗಳಕ್ಕೆ ಅವರಿಗೆ ಪ್ರವೇಶವಿಲ್ಲ. ಮುಂಭಾಗದಲ್ಲಿ ಗಂಡಸರು ಕೂರುವ ಮಜ್ಲಿಸ್‌ನಲ್ಲಿ ಅವರನ್ನು ಕೂರಿಸಿ ಗಾವಾ ಎನ್ನುವ ಅರಬ್ಬಿ ಕಾಫಿ, ಖರ್ಜೂರ ಕೊಟ್ಟರು. ಅಲ್ಲಿಂದಲೇ ಫೋನಿನಲ್ಲಿ ನಿರ್ದೇಶನ ಶುರುವಾಯಿತು.

“ಶಟರ್ ಎಷ್ಟುಂಟು?”

“ಎರಡು ಸಾವಿರ, ಅಬ್ಬಾಸಾಕ.” ಅಂದರೆ ಶಟರ್ ತೆರೆದಿರುವುದು ಸೆಕೆಂಡಿನ ಎರಡು ಸಾವಿರದಲ್ಲೊಂದು ಪಾಲು ಹೊತ್ತು.

“ರೆಕ್ಕೆ ನಿಂತಿತಾ?”

“ಇಲ್ಲ, ಇನ್ನೂ ಹೊಗೆ ಥರವೇ ಇದೆ.”

“ನಾಲ್ಕು ಮಾಡಿ.” ಬಾಯಲ್ಲಿ ಖರ್ಜೂರ ಇದ್ದದ್ದು ನನಗೆ ಕೇಳುತ್ತಿತ್ತು. “ಎಂಟು ಸಾವಿರ ಉಂಟಲ್ಲ, ಅದನ್ನೇ ಇಟ್ಟುಬಿಡಿ. ಅದಕ್ಕೂ ಮೇಲೆ ಇದ್ದರೆ ಅದನ್ನು ಇಡಿ.”

ಎಂಟು ಸಾವಿರಕ್ಕಿಟ್ಟೆ. ಫೋಟೋ ಇದ್ದಲಿನಷ್ಟು ಕಪ್ಪಾಗಿ ಬಂತು. ಬೆಳಕು ಸಾಲದೆಂದು ಫ್ಲ್ಯಾಷ್ ಹಾಕಿದೆ. ಮೇಲೊಂದು ಪಟ್ಟಿ ಬೆಳ್ಳಗೆ, ಕೆಳಗೆಲ್ಲ ಕಪ್ಪು, ಆ ಕಪ್ಪಿನಲ್ಲೆಲ್ಲೋ ಹಕ್ಕಿ. ಶಟರ್ ಅಷ್ಟು ಬೇಗ ಓಡಿದರೆ ಅದು ಪೂರ್ತಿ ತೆರೆಯುವುದೇ ಇಲ್ಲ. ಒಂದು ಸಣ್ಣ ಸೀಳು ಚಿತ್ರದ ಮೇಲೆ ಹಾದುಹೋಗುತ್ತದೆ, ಫ್ಲ್ಯಾಷ್ ಮಿಂಚಿದಾಗ ಆ ಸೀಳಿನ ಎದುರಿಗಿದ್ದದ್ದಷ್ಟೇ ಬೀಳುತ್ತದೆ. ಇದನ್ನು ಅಬ್ಬಾಸಾಕರಿಗೆ ಕಾರಿನಲ್ಲಿ ವಿವರಿಸಿದೆ. “ಹಾಗಾದರೆ ಶಟರ್ ರಿಪೇರಿಗೆ ಕೊಡುವಾ,” ಎಂದರು.

ಪರಿಹಾರ ಸಿಕ್ಕಿದ್ದು ನಮ್ಮ ಮನೆಯ ಸೀಲಿಂಗ್ ಫ್ಯಾನಿನಲ್ಲಿ. ಒಂದು ಶುಕ್ರವಾರ ಮಧ್ಯಾಹ್ನ ಪರದೆಗಳನ್ನೆಲ್ಲ ಎಳೆದು, ಫ್ಯಾನನ್ನು ಜೋರಾಗಿ ಹಾಕಿ, ಹಾಲಿನಲ್ಲಿ ಅಂಗಾತ ಮಲಗಿದೆ. ಶಟರನ್ನು ಇನ್ನೂರಕ್ಕೆ ಇಳಿಸಿದೆ. ಫ್ಲ್ಯಾಷನ್ನು ಪೂರ್ತಿ ಜೋರಿನಲ್ಲಿ ಹೊಡೆದರೆ ಫ್ಯಾನಿನ ರೆಕ್ಕೆ ಕಲಸಿಹೋಗುತ್ತಿತ್ತು. ಜೋರು ಇಳಿಸುತ್ತಾ ಹೋದೆ. ಫ್ಲ್ಯಾಷಿನ ಜೋರು ಕಡಿಮೆಯಾದಷ್ಟೂ ಅದು ಮಿಂಚುವ ಹೊತ್ತು ಕಿರಿದಾಗುತ್ತದೆ. ತೀರಾ ಕೆಳಕ್ಕೆ ಇಳಿಸಿದಾಗ ಫ್ಯಾನು ನಿಂತೇಬಿಟ್ಟಂತೆ ಫೋಟೋ ಬಂತು. ರೆಕ್ಕೆಯನ್ನು ನಿಲ್ಲಿಸುವುದು ಶಟರ್ ಅಲ್ಲ, ಕತ್ತಲಲ್ಲಿ ಬರುವ ಆ ಪುಟ್ಟ ಮಿಂಚು. ಹೆಚ್ಚು ಮಾಡಬೇಕಾದ ನಂಬರು ಯಾವುದೂ ಇರಲಿಲ್ಲ, ಎಲ್ಲ ಇಳಿಸಬೇಕಾದದ್ದೇ! ಕುಣಿಯುತ್ತಾ ಹೋಗಿ ನಮ್ಮವರಿಗೆ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, “ಈ ಫ್ಯಾನು ಒರೆಸಿ ಎಷ್ಟು ಕಾಲ ಆಯ್ತೇ?” ಎಂದರು. ಧೂಳಿನ ಕಣಕಣವೂ ಬಿದ್ದಿತ್ತು.

ಫ್ಲ್ಯಾಷಿನ ಜೋರು ಇಳಿದರೆ ಬೆಳಕು ಸಾಲದು, ಆದ್ದರಿಂದ ಹಲವು ಫ್ಲ್ಯಾಷ್ ಬೇಕು. ಜೊತೆಗೆ ಹಗಲಿನ ಬೆಳಕು ಹಕ್ಕಿಯ ಮೇಲೆ ಬೀಳಬಾರದು, ಬಿದ್ದರೆ ರೆಕ್ಕೆಯ ಹಿಂದೆ ಮತ್ತೊಂದು ರೆಕ್ಕೆಯ ನೆರಳು. ಮರುಭೂಮಿಯ ಸೂರ್ಯನಿಗೆ ಇದನ್ನು ಹೇಳುವವರಾರು? ಮಾಮಾ ನೂರಾ ಅವರ ಮಗಳು ಮರಿಯಮ್, ಇಲ್ಲಿನ ಹೆಂಗಸರು ಮೈಮುಚ್ಚುವಂತೆ ತೊಡುವ ಅಬಾಯಾ ಹೊಲಿಸಲೆಂದು ತಂದಿಟ್ಟಿದ್ದ ಕಪ್ಪು ಬಟ್ಟೆಯ ಸುರುಳಿಯನ್ನೇ ಬಿಚ್ಚಿ ಗಾಜಿನ ಒಂದು ಮೂಲೆಗೆ ಕಟ್ಟಿದಳು. “ಮನೆಯಲ್ಲಿ ಎಲ್ಲರಿಗೂ ಆಯ್ತು, ಇನ್ನು ಗಾಜಿಗೂ ಅಬಾಯಾ,” ಎಂದು ನಕ್ಕಳು. ಬೆಳಕೇನೋ ಹತೋಟಿಗೆ ಬಂತು, ಆದರೆ ಹಕ್ಕಿಯ ಹಿಂದೆ ಅಮಾವಾಸ್ಯೆಯಂಥ ಕಪ್ಪು. ಹಿಂದೆ ಏನಾದರೂ ಪರದೆ ಬೇಕು ಎಂದು ಅಬ್ಬಾಸಾಕರಿಗೆ ಹೇಳಿದೆ. ಅವರು ಸ್ಟುಡಿಯೋದಲ್ಲಿದ್ದ ಅತ್ಯುತ್ತಮ ಪರದೆಯನ್ನು ಕಳಿಸಿದರು. ಹಿಮದ ಬೆಟ್ಟ, ನೀಲಿ ಸರೋವರ, ಒಂದು ದೋಣಿ. ಕರಾವಳಿಯ ಎಷ್ಟೋ ಸಂಸಾರಗಳು ಅದರ ಮುಂದೆ ನಿಂತು ಊರಿಗೆ ಫೋಟೋ ಕಳಿಸಿದ್ದವು. ಅಂದಿನ ಫೋಟೋಗಳಲ್ಲಿ ಹಮ್ಮಿಂಗ್ ಬರ್ಡ್ ಹಿಮದ ಬೆಟ್ಟದ ಮುಂದೆ ಪಾಸ್‌ಪೋರ್ಟ್ ಫೋಟೋಗೆ ನಿಂತ ಹಾಗಿತ್ತು. ಮರಿಯಮ್ ಬಾಯಿಗೆ ಕೈ ಅಡ್ಡ ಹಿಡಿದಳು. ಕೊನೆಗೆ ಅವರ ಮನೆಯದೇ ಒಂದು ಹಸಿರು ಬೆಡ್‌ಶೀಟು ಕೆಲಸಕ್ಕೆ ಬಂತು.

ಪರದೆಯ ಅವಮಾನವನ್ನು ತೊಳೆದುಕೊಳ್ಳಲು ಅಬ್ಬಾಸಾಕ ಮುಂದಿನ ಸಲ ಜೇನು ತಂದರು. ಬೋರೆ ಹೂವಿನ ಯೆಮೆನಿ ಜೇನು, ಇಲ್ಲಿ ಬೀಗರಿಗೆ ಕೊಡುವಂಥದ್ದು. “ಸಕ್ಕರೆ ನೀರು ಕೊಡ್ತಾರಂತೆ ಹಕ್ಕಿಗೆ, ಪಾಪ. ಇದನ್ನು ಕೊಟ್ಟರೆ ಎರಡು ನಿಮಿಷ ನಿಂತುಕೊಂಡು ಕುಡೀತದೆ ನೋಡಿ,” ಎಂದು ಬಾಟಲಿಯನ್ನು ನನ್ನ ಕೈಗಿತ್ತರು. ನಾನು ಪೂರ್ತಿ ನಂಬಿ ಅದನ್ನು ಒಳಗೆ ಒಯ್ದೆ. ಮಾಮಾ ನೂರಾ ಮುಚ್ಚಳ ತೆಗೆದ ವಾಸನೆಗೇ ಕೈ ಎತ್ತಿದರು. “ಜೇನು ಕೊಟ್ಟರೆ ಅದರ ನಾಲಗೆಗೆ ಬೂಸ್ಟು ಬಂದು ಸಾಯತ್ತೆ. ನಿನ್ನ ಮುದೀರ್ ನನಗೆ ಹಕ್ಕಿ ನಿಂತಿರೋದನ್ನ ತೋರಿಸ್ತೀನಿ ಅಂದಿದ್ದು ಹೀಗಾ?” ಮುದೀರ್ ಎಂದರೆ ಮ್ಯಾನೇಜರು. ಬಾಟಲಿಯನ್ನು ಮಾತ್ರ ಅವರು ವಾಪಸ್ ಕೊಡಲಿಲ್ಲ, ತಮ್ಮ ಚಹಾಕ್ಕೆ ಇಟ್ಟುಕೊಂಡರು.

ಅಷ್ಟು ಹೊತ್ತಿಗೆ ಸ್ಟುಡಿಯೋಗೆ ಹೊಸ ಕ್ಯಾಮೆರಾ ಬಂತು. ಈಗ ನೀವೆಲ್ಲ ಬಳಸುವಂಥದ್ದು, ಚಿತ್ರದಲ್ಲಿ ಹಕ್ಕಿ ಎಲ್ಲಿದೆಯೆಂದು ತಾನೇ ಹುಡುಕಿ ಅದರ ಕಣ್ಣಿಗೆ ಫೋಕಸ್ ಹಿಡಿಯುವಂಥದ್ದು. ಅಬ್ಬಾಸಾಕ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಬೆಳಗಿನಿಂದ ಮಧ್ಯಾಹ್ನದವರೆಗೆ ಕ್ಲಿಕ್ಕಿಸಿದೆ. ಗಾಜಿನ ಮನೆಯ ಮೇಜಿನ ಮೇಲೆ ಮಗ ಯಾವುದೋ ಸ್ಪರ್ಧೆಯಲ್ಲಿ ಗೆದ್ದಿದ್ದ ಒಂದು ಹಿತ್ತಾಳೆಯ ಗಿಡುಗವಿತ್ತು. ಅಂದಿನ ಪ್ರತಿ ಫೋಟೋದಲ್ಲೂ ಆ ಗಿಡುಗದ ಕಣ್ಣು ಸ್ಪಷ್ಟವಾಗಿ ಬಂದಿತ್ತು. ಹಮ್ಮಿಂಗ್ ಬರ್ಡ್ ಅದರ ಮುಂದೊಂದು ಹಸಿರು ಕಲೆ. ನನಗೆ ಬಂದ ಸಿಟ್ಟಿಗೆ ಆ ಗಿಡುಗವನ್ನು ಎತ್ತಿ ಒಗೆಯಬೇಕೆನಿಸಿತು. ಆಮೇಲೆ ಕ್ಯಾಮೆರಾದ ಬುದ್ಧಿವಂತಿಕೆಯನ್ನೆಲ್ಲ ಆಫ್ ಮಾಡಿ, ಹಳೆಯ ಪದ್ಧತಿಯಂತೆ ಒಂದು ಹೂವಿಗೆ ಕೈಯಲ್ಲೇ ಫೋಕಸ್ ಮಾಡಿ, ಹಕ್ಕಿ ಅಲ್ಲಿಗೆ ಬರುವವರೆಗೆ ಕಾಯುವುದೆಂದು ತೀರ್ಮಾನಿಸಿದೆ.

ಇದನ್ನೆಲ್ಲ ನಗುತ್ತಾ ಬರೆಯುತ್ತಿದ್ದೇನೆ. ಆಗ ಒಳಗೊಳಗೇ ಭಯವಾಗುತ್ತಿತ್ತು. ಮೊದಲ ದಿನ ಮಾಮಾ ನೂರಾ ನನ್ನ ಸೀರೆಯ ಬಣ್ಣ ನೋಡಿ ಚೆನ್ನಾಗಿದೆ ಎಂದಿದ್ದರು. ಪರದೆಯ ದಿನ ನನ್ನನ್ನು ನೋಡಲು ತಲೆಯನ್ನು ಒಂದು ಕಡೆಗೆ ವಾಲಿಸಬೇಕಾಯಿತು. ಗಿಡುಗದ ದಿನ ನಾನು ಬಾಗಿಲಲ್ಲಿ ನಿಂತಾಗ, “ಯಾರದು?” ಎಂದು ಕೇಳಿದರು. ನನ್ನ ಒಂದೊಂದು ಎಡವಟ್ಟೂ ಅವರ ಕಣ್ಣಿನಿಂದ ಒಂದೊಂದು ವಾರವನ್ನು ತಿನ್ನುತ್ತಿತ್ತು, ಮತ್ತು ಅವರು ಒಂದು ಸಲವೂ ಬೇಗ ಮಾಡು ಎನ್ನಲಿಲ್ಲ.

ಹೂವಿನ ಉಪಾಯಕ್ಕೆ ಒಂದೇ ಅಡ್ಡಿ. ಫ್ಲ್ಯಾಷುಗಳ ಗುಂಪಿನ ನಡುವೆ ಇಟ್ಟ ಹೂವಿಗೆ ಹಕ್ಕಿ ಬರಲೊಲ್ಲದು. ಅದು ಧೈರ್ಯವಾಗಿ ಹೋಗುತ್ತಿದ್ದುದು ಮಾಮಾ ನೂರಾ ಅವರ ಹತ್ತಿರಕ್ಕೆ ಮಾತ್ರ. “ಹಾಗಾದರೆ ಹೂವನ್ನ ನಾನೇ ಹಿಡ್ಕೋತೀನಿ,” ಎಂದರು. ಉಳಿದ ಸಕ್ಕರೆ ನೀರಿನ ಬಾಟಲಿಗಳನ್ನೆಲ್ಲ ಮರಿಯಮ್ ಮುಚ್ಚಿದಳು. ಒಂದು ಕೆಂಪು ಹೂವಿನೊಳಗೆ ನಾಲ್ಕು ಹನಿ ಸಕ್ಕರೆ ನೀರು ಬಿಟ್ಟು ಅವರ ಕೈಗೆ ಕೊಟ್ಟೆ, ಮೊಣಕೈಗೆ ದಿಂಬು ಒತ್ತಿಟ್ಟೆ. ಮೆಹಂದಿಯ ಹಳೆಯ ಬಣ್ಣ ಉಗುರುಗಳಲ್ಲಿ ಉಳಿದಿದ್ದ ಕೈ ಅದು, ವಯಸ್ಸಿಗೆ ಸ್ವಲ್ಪ ನಡುಗಬೇಕಿತ್ತು, ನಡುಗಲಿಲ್ಲ. ಸದ್ದು ಬಂತು. ನನಗಿಂತ ಮೊದಲು ಅವರಿಗೆ ಕೇಳಿಸಿತು. “ಬಂದ,” ಎಂದು ತುಟಿ ಅಲ್ಲಾಡಿಸಿದರು. ಒತ್ತಿದೆ.

“ಬಂತು ಮಾಮಾ, ಬಂತು!” ಎಂದು ಕನ್ನಡದಲ್ಲೇ ಕೂಗಿಬಿಟ್ಟೆ. ಅವರಿಗೆ ಅರ್ಥವಾಯಿತು. ಕ್ಯಾಮೆರಾವನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಅದರ ಪರದೆಯನ್ನು ಕಿವಿಯ ಪಕ್ಕಕ್ಕೆ, ಹಣೆಯ ಪಕ್ಕಕ್ಕೆ, ಎಲ್ಲೆಲ್ಲಿ ಕಣ್ಣಿನ ಅಂಚು ಉಳಿದಿತ್ತೋ ಅಲ್ಲೆಲ್ಲ ಹಿಡಿದು ನೋಡಿದರು.

“ಚಿಕ್ಕದು. ದೊಡ್ಡದು ಮಾಡ್ಕೊಂಡು ಬಾ. ಬಾಗಿಲಷ್ಟು ದೊಡ್ಡದು.”

ಮಾಮಾ ನೂರಾ ಅವರ ಕೈ ಚಿತ್ರದಲ್ಲಿತ್ತು. ಆದ್ದರಿಂದ ಫೋಟೋ ಮನೆಯದಾಯಿತು. ಕಾರ್ಡನ್ನು ಮರಿಯಮ್ ತಾನೇ ಹಿಡಿದುಕೊಂಡು ನನ್ನ ಜೊತೆ ಸ್ಟುಡಿಯೋಗೆ ಬಂದಳು. ಪ್ರಿಂಟ್ ಹಾಕುವ ಕೋಣೆಯ ಬಾಗಿಲು ಹಾಕಿಕೊಂಡೆವು. ಅಬ್ಬಾಸಾಕ ತಮ್ಮದೇ ಅಂಗಡಿಯಲ್ಲಿ, ತಮ್ಮದೇ ಮಷಿನ್ನಿನ ಸದ್ದು ಕೇಳುತ್ತಾ, ಬಾಗಿಲ ಹೊರಗೆ ನಿಂತರು. “ಕೈಗೆ ಒಂದು ಪೇಪರ್ ಅಡ್ಡ ಹಿಡೀರಿ ಮಾರಾಯ್ರೆ, ಹಕ್ಕಿ ಮಾತ್ರ ನೋಡ್ತೇನೆ,” ಎಂದು ಒಂದು ಸಲ ಬಾಗಿಲು ತಟ್ಟಿದರು. ಮರಿಯಮ್ ತಲೆ ಅಲ್ಲಾಡಿಸಿದಳು. ಕೆಲಸವಾದ ಮೇಲೆ ಕಂಪ್ಯೂಟರಿನಲ್ಲಿದ್ದದ್ದನ್ನು ಅವಳ ಕಣ್ಣೆದುರೇ ಅಳಿಸಿದೆ.

ಚೌಕಟ್ಟು ಮಾಡುವವನಿಗೆ ಅಳತೆ ಮಾತ್ರ ಕೊಟ್ಟಿದ್ದೆವು, ಅವನು ಇವತ್ತು ನಾಳೆ ಎಂದು ಸತಾಯಿಸಿದ. ಫೋಟೋ ಕೂರಿಸಿದವಳು ಮರಿಯಮ್. ಚಿತ್ರ ಗೋಡೆಗೇರಿದಾಗ ಹೊರಗೆ ಬಿಸಿಗಾಳಿ ಶುರುವಾಗಿತ್ತು. ನನ್ನನ್ನು ಕರೆಸಿದರು. ಮಾಮಾ ನೂರಾ ಅದರ ಮುಂದೆ ನಿಂತು ತಲೆಯನ್ನು ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದರು.

“ಹಸಿರು ಇದೆ,” ಎಂದರು.

“ಹೌದು ಮಾಮಾ.”

“ಹಕ್ಕಿ ಎಲ್ಲಿ?”

ಮಂಜು, ಎಂಟು ಸಾವಿರ, ಹಿಮದ ಬೆಟ್ಟ, ಗಿಡುಗ, ಚೌಕಟ್ಟಿನವನು, ಎಲ್ಲರ ಮೇಲೂ ಸಿಟ್ಟು ಬಂತು, ನನ್ನ ಮೇಲೆ ಎಲ್ಲಕ್ಕಿಂತ ಹೆಚ್ಚು. ಮೂಗು ಸೊರಗುಟ್ಟಿದ್ದು ಅವರಿಗೆ ಕೇಳಿಸಿರಬೇಕು.

“ಅಳಬೇಡ. ನಿನಗೆ ಕಾಣತ್ತಲ್ಲ? ಹೇಳು.”

“ಆರು ಫ್ಲ್ಯಾಷ್ ಇಟ್ಟಿದ್ದಕ್ಕೆ ಬೆಳಕು ಎಲ್ಲಾ ಕಡೆ ಸಮನಾಗಿ...”

“ಫ್ಲ್ಯಾಷ್ ಯಾರಿಗೆ ಬೇಕು? ರೆಕ್ಕೆ ಹೇಳು.”

ಆಗ ನೋಡಿದೆ. ಅದುವರೆಗೆ ಆ ಫೋಟೋವನ್ನು ಎಷ್ಟೋ ಸಲ ಪರೀಕ್ಷಿಸಿದ್ದೆ, ಫೋಕಸ್ ಸರಿಯಿದೆಯೇ, ನೆರಳು ಬಿದ್ದಿದೆಯೇ ಎಂದು. ರೆಕ್ಕೆಯನ್ನು ನೋಡಿರಲಿಲ್ಲ. ಹೇಳತೊಡಗಿದೆ. ಅರ್ಧ ಬಿಡಿಸಿದ ಬೀಸಣಿಗೆಯ ಹಾಗಿದೆ ಮಾಮಾ. ಮುಂದಿನ ಅಂಚು ಗಟ್ಟಿ, ಹಿಂದಕ್ಕೆ ಹೋದಂತೆ ತೆಳು, ತೀರಾ ತುದಿಯಲ್ಲಿ ನಿಮ್ಮ ಬೆಡ್‌ಶೀಟಿನ ಹಸಿರು ಅದರೊಳಗಿಂದ ಕಾಣುತ್ತಿದೆ. ರೆಕ್ಕೆ ಹಿಂದಕ್ಕೆ ಹೋಗಿ ಅಂಗೈ ಮಗುಚಿದ ಹಾಗೆ ತಿರುಗಿದೆ. ಒಂದು ಗರಿಯ ತುದಿ ಸ್ವಲ್ಪ ಹರಿದಿದೆ.

“ಬಣ್ಣ?”

“ಮೈಯೆಲ್ಲ ಪಚ್ಚೆಯ ಹಾಗೆ ಹೊಳೀತಿದೆ ಮಾಮಾ. ರೆಕ್ಕೆಗೆ ಮಾತ್ರ ಬಣ್ಣ ಇಲ್ಲ. ಕಾರಿನ ಮೇಲೆ ಕೂರುವ ಧೂಳಿನ ಬಣ್ಣ.”

ಮಾಮಾ ನೂರಾ ಹೊಟ್ಟೆ ಹಿಡಿದುಕೊಂಡು ನಕ್ಕರು. “ಇಷ್ಟು ದಿನ ಕಿವಿ ಹತ್ತಿರ ಅಷ್ಟೊಂದು ಜಂಬ ಕೊಚ್ಚಿಕೊಂಡಿದ್ದು ಧೂಳಿನ ಬಣ್ಣ ಇಟ್ಕೊಂಡಾ!”

ನಾನು ನಿವೃತ್ತಳಾದೆ. ನಮ್ಮವರು ಇನ್ನೂ ದುಡಿಯುತ್ತಿರುವುದರಿಂದ ಅವರ ವೀಸಾದ ಮೇಲೆ ಇಲ್ಲೇ ಇದ್ದೇನೆ. ಅಬ್ಬಾಸಾಕ ಸಿಕ್ಕಾಗಲೆಲ್ಲ, “ಹೇಗಿತ್ತು, ಒಮ್ಮೆ ಸರಿಯಾಗಿ ಹೇಳಿ,” ಎಂದು ಕೇಳುತ್ತಾರೆ. ಕೇಳಿದ್ದನ್ನು ತಾವು ಕಂಡಂತೆ ಗಿರಾಕಿಗಳಿಗೆ ಹೇಳುತ್ತಾರೆ. ಮಾಮಾ ನೂರಾ ಅವರಿಗೆ ಈಗ ಬೆಳಕು ಕತ್ತಲೆಯಷ್ಟೇ ತಿಳಿಯುತ್ತದಂತೆ. ಶುಕ್ರವಾರಗಳಂದು ಮರಿಯಮ್ ಫೋನು ಹಚ್ಚಿ ಅವರ ಕೈಗೆ ಕೊಡುತ್ತಾಳೆ. ಸಲಾಂ ಆದಮೇಲೆ ಒಂದೇ ಮಾತು: “ಯಾ ನಲಿನಿ, ರೆಕ್ಕೆ ಹೇಳು.” ಫೋಟೋ ಅವರ ಗೋಡೆಯ ಮೇಲಿದೆ, ಅವರಿಗೆ ಕಾಣುವುದಿಲ್ಲ. ನನ್ನ ಬಳಿ ಫೋಟೋ ಇಲ್ಲ. ನೆನಪಿನಿಂದಲೇ ಬೀಸಣಿಗೆ, ಗಟ್ಟಿ ಅಂಚು, ಹರಿದ ಗರಿ, ಧೂಳಿನ ಬಣ್ಣ ಎಲ್ಲವನ್ನೂ ಹೇಳುತ್ತೇನೆ. ಧೂಳಿನ ಬಣ್ಣಕ್ಕೆ ಅವರು ಪ್ರತಿ ಸಲ ನಗುತ್ತಾರೆ.

ಹೋದ ಶುಕ್ರವಾರ ಹೇಳುತ್ತಾ ಹೇಳುತ್ತಾ, ಹರಿದ ಗರಿಯ ಪಕ್ಕದಲ್ಲಿ ಸಕ್ಕರೆ ನೀರಿನ ಒಂದು ಹನಿ ಹೊಳೆಯುತ್ತಿದೆ ಎಂದೆ. ಯಾಕೆ ಹಾಗೆಂದೆನೋ, ಬಾಯಿಗೆ ಬಂತು.

“ಅದು ಹೋದ ಸಲ ಇರಲಿಲ್ಲ,” ಎಂದರು ಮಾಮಾ ನೂರಾ.

“ಇತ್ತು ಮಾಮಾ. ನಾನೇ ಹೇಳೋದು ಮರೆತಿದ್ದೆ.”

ಆ ಕಡೆ ಚಹಾದ ಲೋಟಕ್ಕೆ ಚಮಚ ತಾಗುವ ಸದ್ದು ಕೇಳಿತು.

“ಸರಿ, ಇರಲಿ,” ಎಂದರು. “ಮುಂದಿನ ಸಲ ಮರೀಬೇಡ.”